ನೂರಕ್ಕೆ ಎಳೆದಾಗ ಮೂಡಿದ ಟೋಪಿ

ಟಪಾಲು ವಿಭಾಗದ ಗುಮಾಸ್ತರು ಕ್ಯಾಮೆರಾ ಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ. ಗುಮಾಸ್ತರಾದವರು ಏನೇನನ್ನೋ ಕೊಳ್ಳುತ್ತಾರೆ, ಯಾರು ಕೇಳುತ್ತಾರೆ? ತಪ್ಪಾದದ್ದು, ಅದನ್ನು ಕುತ್ತಿಗೆಗೆ ನೇತುಹಾಕಿಕೊಂಡು ಮೆಟ್ಟಿಲಿಳಿಯುವಾಗ ಅವರು ಆಡಿದ ಒಂದು ಮಾತು.

"ನಮ್ಮ ಕ್ಯಾಮೆರಾಕ್ಕೆ ಬೆಳಕೇ ಬೇಡ ನೋಡಿ. ಕತ್ತಲಲ್ಲೂ ಎಲ್ಲಾ ಕಾಣುತ್ತೆ."

ಅಂದಿನಿಂದ ಆ ನಾಲ್ಕಂತಸ್ತಿನ ಕಟ್ಟಡದಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಹಲ್ಲಿನ ಡಾಕ್ಟರಮ್ಮ ಕಿಟಕಿಗೆ ಎರಡು ಪದರದ ಪರದೆ ಹೊಲಿಸಿದರು. ಮೇಲಿನ ಮನೆಯ ಅಜ್ಜಿ ಬಾಗಿಲು ಓರೆ ಮಾಡಿಕೊಂಡು ಕೂರುವುದನ್ನು ಬಿಟ್ಟರು. ನಿವಾಸಿಗಳ ಸಂಘದ ಅಧ್ಯಕ್ಷರಂತೂ ಗುಮಾಸ್ತರು ಎದುರಾದರೆ ಜೇಬು ಮುಟ್ಟಿ ನೋಡಿಕೊಂಡು ಮುಂದೆ ಹೋಗುತ್ತಿದ್ದರು.

"ಕತ್ತಲಲ್ಲಿ ನೋಡುವಂಥದ್ದು ಏನಿರುತ್ತೆ ಅಂತೀನಿ? ಒಳ್ಳೇದೆಲ್ಲ ಬೆಳಕಲ್ಲೇ ಇರುತ್ತಲ್ಲ," ಎಂದು ಅಜ್ಜಿ ಕಂಡಕಂಡವರನ್ನೆಲ್ಲ ಕೇಳಿದರು.

ಪಾಪ, ಗುಮಾಸ್ತರು ನೋಡುತ್ತಿದ್ದದ್ದು ಸಂಜೆ ತಂತಿಯ ಮೇಲೆ ಕೂತ ಕಾಗೆಯನ್ನು, ಮುಚ್ಚಿದ ಅಂಗಡಿಯನ್ನು, ದೀಪವಿಲ್ಲದ ದೀಪದ ಕಂಬವನ್ನು. ಐಎಸ್ಒ ಎಂಬುದನ್ನು ತುತ್ತತುದಿಗೆ ಏರಿಸಿ ಗುಂಡಿ ಒತ್ತುತ್ತಿದ್ದರು. ಏರಿಸಿದಷ್ಟೂ ಕ್ಯಾಮೆರಾಕ್ಕೆ ಕಣ್ಣು ಚುರುಕು. ಚುರುಕಾದಷ್ಟೂ ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಳು ಕಾಳು. ಈ ಕಾಳಿಗೆ ನಾಯ್ಸ್ ಎಂದು ಹೆಸರು. ಅದನ್ನು ತೆಗೆಯಲು ಕಂಪ್ಯೂಟರಿನಲ್ಲಿ ಒಂದು ಸಾಫ್ಟ್‌ವೇರು, ಆ ಸಾಫ್ಟ್‌ವೇರಿನಲ್ಲಿ ಸೊನ್ನೆಯಿಂದ ನೂರರವರೆಗೆ ಎಳೆಯಬಹುದಾದ ಒಂದು ಸ್ಲೈಡರು. ಬಲಕ್ಕೆ ಎಳೆದರೆ ಕಾಳು ಕರಗುತ್ತದೆ. ಕಚೇರಿಯಲ್ಲಾಗಲಿ ಮನೆಯಲ್ಲಾಗಲಿ ಹೇಳಿದ ಮಾತು ಕೇಳುವವರೇ ಇಲ್ಲದ ಗುಮಾಸ್ತರಿಗೆ, ಹೇಳಿದಷ್ಟು ದೂರ ಸರಿಯುವ ವಸ್ತುವೊಂದು ಜೀವನದಲ್ಲಿ ಮೊದಲ ಸಲ ಸಿಕ್ಕಿತ್ತು. ಅವರು ನಡುವೆ ನಿಲ್ಲಿಸುವುದನ್ನು ಕಲಿಯಲೇ ಇಲ್ಲ. ನಲವತ್ತಕ್ಕೆ ಕಾಗೆ ಕಾಗೆಯಾಗಿತ್ತು, ಎಪ್ಪತ್ತಕ್ಕೆ ಇದ್ದಿಲಾಯಿತು, ನೂರಕ್ಕೆ ಬದನೆಕಾಯಿಯಾಯಿತು.

"ಎಷ್ಟು ನುಣುಪಾಗಿದೆ ನೋಡೇ!"

"ಕಾಗೆ ಎಲ್ರೀ?" ಎಂದರು ಹೆಂಡತಿ.

"ನುಣುಪು ನೋಡು ಅಂದ್ರೆ ಕಾಗೆ ಎಲ್ಲಿ ಅಂತೀಯಲ್ಲ, ನಿನಗೆ ಕಲೆ ಅರ್ಥ ಆಗಲ್ಲ ಬಿಡು."

ಹೀಗಿರುವಾಗ ನೀರಿನ ತಕರಾರು ಶುರುವಾಯಿತು. ತಾರಸಿಯ ಮೇಲಿನ ತೊಟ್ಟಿಯಿಂದ ಕಟ್ಟಡಕ್ಕೆ ಎರಡು ಕೊಳವೆ. ಒಂದು ಮುಂಭಾಗದ ಮನೆಗಳಿಗೆ, ಇನ್ನೊಂದು ಹಿಂಭಾಗದ ಮನೆಗಳಿಗೆ. ಎರಡಕ್ಕೂ ಒಂದೊಂದು ವಾಲ್ವ್. ಸಂಜೆ ಕರೆಂಟು ಹೋಗುವ ಹೊತ್ತಿಗೆ ಯಾರೋ ಮುಂಭಾಗದ ವಾಲ್ವ್ ಮುಚ್ಚುತ್ತಿದ್ದರು. ಅಧ್ಯಕ್ಷರು ಮೈತುಂಬ ಸೋಪು ಹಚ್ಚಿಕೊಂಡು ನಿಂತಿದ್ದಾಗ ನಲ್ಲಿ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಸೋಪಿನ ಕಣ್ಣಲ್ಲೇ ಅವರು ಇಡೀ ಕಟ್ಟಡವನ್ನು ಅನುಮಾನಿಸಿದರು. ಮೈ ಒರೆಸಿಕೊಂಡ ಮೇಲೆ ಅನುಮಾನವನ್ನೆಲ್ಲ ಗುಡ್ಡೆಹಾಕಿ ಕಾವಲುಗಾರನ ತಲೆಯ ಮೇಲಿಟ್ಟರು.

ಮೆಟ್ಟಿಲ ಬಳಿ ಸಭೆ ಸೇರಿತು.

"ತಾರಸಿ ಬೀಗದ ಕೈ ಯಾರ ಹತ್ರ ಇದೆ? ಇವನ ಹತ್ರ. ಅಂದ ಮೇಲೆ ವಾಲ್ವ್ ತಿರುಗಿಸೋನು ಯಾರು?"

"ಸಾರ್, ಬಟ್ಟೆ ಒಣಗಿಸೋಕೆ ಅಂತ ಹಗಲೆಲ್ಲ ಬಾಗಿಲು ತೆಗೆದೇ ಇರುತ್ತೆ. ನಾನು ಬೀಗ ಹಾಕೋದು ದೀಪ ಹಚ್ಚಿದ ಮೇಲೆ. ನಡುವೆ ಯಾರು ಬೇಕಾದ್ರೂ ಹೋಗ್ಬಹುದು," ಎಂದ ಕಾವಲುಗಾರ.

"ನೋಡಿದ್ರಾ? ಯಾವಾಗ ಹೋಗ್ಬಹುದು ಅಂತ ಇವನಿಗೆ ಎಷ್ಟು ಚೆನ್ನಾಗಿ ಗೊತ್ತು!"

ಭಾನುವಾರದೊಳಗೆ ಬೇರೆ ಕಳ್ಳ ಸಿಗದಿದ್ದರೆ ಕಾವಲುಗಾರ ಬೀಗದ ಕೈಯನ್ನೂ ಮೆಟ್ಟಿಲ ಕೆಳಗಿನ ಕೋಣೆಯನ್ನೂ ಬಿಟ್ಟುಕೊಡತಕ್ಕದ್ದು ಎಂದು ತೀರ್ಮಾನವಾಯಿತು. ಆ ಕೋಣೆ ಎಂದರೆ ಅವನ ಸಂಸಾರ. ಅದರಲ್ಲಿ ಒಂದು ಮಂಚ, ಒಂದು ಒಲೆ, ಮತ್ತು ಮಂಚಕ್ಕೂ ಒಲೆಗೂ ನಡುವೆ ಸಿಕ್ಕಿದ ಜಾಗದಲ್ಲಿ ಅವನ ಹೆಂಡತಿ ಇದ್ದರು.

ಅಲ್ಲಿಗೆ ಸುಮ್ಮನಿರಬೇಕಿತ್ತು ಗುಮಾಸ್ತರು. ಸುಮ್ಮನಿದ್ದರೆ ಅವರು ಗುಮಾಸ್ತರೇ ಅಲ್ಲ.

"ಕಳ್ಳನ್ನ ನಾನು ಹಿಡಿದು ಕೊಡ್ತೀನಿ. ಕೈಯಲ್ಲಲ್ಲ, ಕ್ಯಾಮೆರಾದಲ್ಲಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಲ್ಲಿ ಎಲ್ಲರೂ ಹೆಗಲು ಮುಟ್ಟಿಕೊಂಡರು. ಸಭೆ ಮುಗಿದ ಮೇಲೆ ಅಧ್ಯಕ್ಷರು ಗುಮಾಸ್ತರನ್ನು ತಮ್ಮ ಮನೆಯ ಬಾಗಿಲಿಗೆ ಕರೆದು ಪಿಸುಗುಟ್ಟಿದರು.

"ಫೋಟೋ ಯಾವತ್ತು, ಎಲ್ಲಿಂದ ತೆಗೀತೀರಿ ಅಂತ ಯಾರಿಗೂ ತಿಳೀಬಾರದು. ಮನೇಲೂ ಬಾಯಿ ಬಿಡಬೇಡಿ."

"ನನ್ನ ಹೆಂಡತಿಗೂ ಹೇಳ್ಬಾರದಾ?"

"ಸ್ವಾಮಿ, ನಾನು ನನ್ನ ಹೆಂಡತೀನೇ ನಂಬಲ್ಲ."

"ಕೇಳಿಸ್ತು," ಎಂದಿತು ಒಳಗಿನಿಂದ ಒಂದು ದನಿ.

ಶನಿವಾರ ಸಂಜೆ ಗುಮಾಸ್ತರು ನೌಕರರ ಸಂಘದ ಸಭೆಯಿದೆ ಎಂದು ಹೇಳಿ ಹೊರಟರು. ಹೆಂಡತಿ ಎಂದೂ ಕೇಳದ ಪ್ರಶ್ನೆ ಕೇಳಿದರು.

"ಬರೋದು ತಡ ಆಗುತ್ತಾ?"

"ಆಗಬಹುದು."

"ಆಗ್ಲಿ, ನಿಧಾನವಾಗೇ ಬನ್ನಿ."

ಇಷ್ಟು ಅಕ್ಕರೆಯಿಂದ ತಮ್ಮನ್ನು ಯಾರೂ ಕಳಿಸಿಕೊಟ್ಟಿರಲಿಲ್ಲ ಎಂದುಕೊಂಡು ಗುಮಾಸ್ತರು ಪಕ್ಕದ ಅರ್ಧ ಕಟ್ಟಿದ ಕಟ್ಟಡದ ಮೇಲೇರಿ ಇಟ್ಟಿಗೆ ರಾಶಿಯ ಹಿಂದೆ ಕುಳಿತರು. ಕರೆಂಟು ಹೋಯಿತು. ಎದುರಿನ ತಾರಸಿಯಲ್ಲಿ ಯಾರೋ ಬಂದ ಹಾಗಾಯಿತು. ಯಾರೆಂದು ನೋಡಲು ಕನ್ನಡಕ ಬೇಕು. ಕನ್ನಡಕ ಹಾಕಿದರೆ ಕ್ಯಾಮೆರಾದ ಕಿಂಡಿಗೆ ಕಣ್ಣು ತಾಗುವುದಿಲ್ಲ. ಕಳ್ಳನನ್ನು ನೋಡುವುದೋ, ಕಳ್ಳನ ಫೋಟೋ ತೆಗೆಯುವುದೋ ಎಂಬ ಧರ್ಮಸಂಕಟದಲ್ಲಿ ಅವರು ಕಲೆಯ ಪಕ್ಷ ವಹಿಸಿ ಕನ್ನಡಕ ತೆಗೆದರು. ಒಂದು ಸಲ ಕ್ಲಿಕ್ ಎಂದಿತು. ಆ ಸಂಭ್ರಮದಲ್ಲಿ ಮೊಣಕಾಲು ತಗಡಿಗೆ ತಾಗಿ ದಢಾರೆಂದಿತು. ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ತಾರಸಿಯಲ್ಲಿ ತೊಟ್ಟಿ ಬಿಟ್ಟರೆ ಇನ್ನೇನೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಗುಮಾಸ್ತರ ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಗುಮಾಸ್ತರು, ಅದರ ತೋಳಿನ ಮೇಲೆ ಅಧ್ಯಕ್ಷರು, ಹಿಂದೆ ಡಾಕ್ಟರಮ್ಮ, ನೆಲಮಹಡಿಯ ದರ್ಜಿ, ಸ್ಟೂಲಿನ ಮೇಲೆ ಅಜ್ಜಿ. ಹೆಂಡತಿ ಕಾಫಿ ಲೋಟಗಳ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ತಟ್ಟೆಯನ್ನು ಯಾರ ಮುಂದೂ ಹಿಡಿಯಲಿಲ್ಲ, ಕೆಳಗೂ ಇಡಲಿಲ್ಲ.

ಚಿತ್ರ ತೆರೆಯಿತು.

"ಇದೇನು ಸ್ವಾಮಿ, ಗೋಣಿಚೀಲನಾ?"

"ಇದು ರಾ ಫೈಲು. ಅಂದ್ರೆ ಹಸಿ. ಇನ್ನು ಹದ ಮಾಡ್ಬೇಕು."

ಗುಮಾಸ್ತರು ಮೊದಲು ಬಣ್ಣದ ಕಾಳು ತೆಗೆದರು. ಕೆಂಪು, ಹಸಿರು ಚುಕ್ಕೆಗಳೆಲ್ಲ ಮಾಯವಾಗಿ ಬೂದಿ ಬಣ್ಣ ಉಳಿಯಿತು. ಬೂದಿಯಲ್ಲಿ ತೊಟ್ಟಿ, ಕೊಳವೆ, ವಾಲ್ವಿನ ಮೇಲೆ ಬಗ್ಗಿದ ಒಂದು ಬೆನ್ನು. ಎಲ್ಲರ ಕತ್ತು ಮುಂದಕ್ಕೆ ಬಂತು. ಸ್ಲೈಡರು ಮೂವತ್ತಕ್ಕೆ ಹೋಯಿತು.

"ಆ ಗೂನು ನೋಡಿ!" ಎಂದರು ಅಧ್ಯಕ್ಷರು. "ನಮ್ಮ ದರ್ಜಿದೇ."

"ಸಾರ್, ಹೊಲಿಗೆ ಮೆಷಿನ್ ಮುಂದೆ ಕೂತೋರು ಬಗ್ತಾರೆ, ವಾಲ್ವ್ ಮುಂದೆ ನಿಂತೋರೂ ಬಗ್ತಾರೆ. ಕಳ್ಳತನ ಯಾರಾದ್ರೂ ಎದೆಯುಬ್ಬಿಸಿ ಮಾಡ್ತಾರಾ?" ದರ್ಜಿ ಮುಂದೆ ನುಗ್ಗಿದ. "ಸಾಕು, ಇಲ್ಲೇ ನಿಲ್ಸಿ. ಬಟ್ಟೆ ಹತ್ತಿರದಿಂದ ತೋರ್ಸಿ. ಹೊಲಿಗೆ ನೋಡಿದ್ರೆ ಯಾರ ಬಟ್ಟೆ ಅಂತ ಹೇಳ್ತೀನಿ."

"ಹೊಲಿಗೆ ಕಟ್ಕೊಂಡು ಏನು ಮಾಡೋದು, ಮುಖ ನೋಡ್ಬೇಕಲ್ವಾ?" ಎಂದರು ಬಾಗಿಲಲ್ಲಿದ್ದ ಹೆಂಡತಿ. "ಇನ್ನೂ ಕಾಳಿದೆ. ಎಳೀರಿ ನೀವು."

ಹೆಂಡತಿ ಮೊದಲ ಬಾರಿಗೆ ತಮ್ಮ ಕಲೆಯಲ್ಲಿ ಆಸಕ್ತಿ ತೋರಿಸಿದ ಸಂತೋಷಕ್ಕೆ ಗುಮಾಸ್ತರು ಐವತ್ತಕ್ಕೆ ಎಳೆದರು.

"ಒಂದು ನಿಮಿಷ," ಎಂದರು ಡಾಕ್ಟರಮ್ಮ. "ಈ ದವಡೆ ನಂಗೆ ಗೊತ್ತು. ಕೆಳಗಿನ ಸಾಲಿನಲ್ಲಿ ಹಲ್ಲಿಲ್ಲದೆ ಒಳಕ್ಕೆ ಹೋಗಿರೋ ದವಡೆ. ಅಧ್ಯಕ್ಷರೇ, ಸ್ವಲ್ಪ ಪಕ್ಕಕ್ಕೆ ತಿರುಗ್ತೀರಾ?"

ಅಧ್ಯಕ್ಷರು ಟಪ್ಪೆಂದು ಬಾಯಿ ಮುಚ್ಚಿದರು. ಮಾತಾಡಲೇಬೇಕಾದ್ದರಿಂದ ಮತ್ತೆ ತೆರೆದರು. "ನನ್ನ ಮನೆ ನೀರು ನಾನೇ ಯಾಕಮ್ಮ ನಿಲ್ಲಿಸ್ಲಿ?"

"ಅನುಮಾನ ಬರಬಾರದು ಅಂತ," ಎಂದರು ಅಜ್ಜಿ.

"ಎಳೀರಿ!" ಎಂದು ಅಧ್ಯಕ್ಷರು ಕೂಗಿದರು. "ಎಳೀರಿ," ಎಂದರು ಹೆಂಡತಿಯೂ, ಮೆಲ್ಲಗೆ.

ಎಪ್ಪತ್ತಕ್ಕೆ ಅಜ್ಜಿಗೆ ತುರುಬು ಕಾಣಿಸಿತು. ಅದು ಡಾಕ್ಟರಮ್ಮನದೇ ಎಂದು ಅವರು ಬೆರಳು ತೋರಿಸಿದರು. ಡಾಕ್ಟರಮ್ಮ, "ಅಜ್ಜೀ, ನಿಮ್ಮ ಕಣ್ಣಿನ ಪೊರೆ ತೆಗೆಸೋದು ಯಾವಾಗ?" ಎಂದು ಕೇಳಿದರು. ಅಜ್ಜಿ, "ನಿನ್ನ ಹತ್ರ ತೋರ್ಸಿದ ಹಲ್ಲೇ ಇನ್ನೂ ನೋಯ್ತಿದೆ, ಕಣ್ಣಿನ ವಿಷಯ ಮಾತಾಡ್ಬೇಡ," ಎಂದರು. ಈ ಗಲಾಟೆಯಲ್ಲಿ ಗುಮಾಸ್ತರ ಕೈ ಅಭ್ಯಾಸಬಲದಿಂದ ನೂರಕ್ಕೆ ಹೋಯಿತು.

ಚಿತ್ರ ಬೆಣ್ಣೆಯಂತಾಯಿತು. ಕಳ್ಳನ ಮುಖ ಕರಗಿ ಕುತ್ತಿಗೆಗೆ ಸೇರಿತು, ಕುತ್ತಿಗೆ ಬೆನ್ನಿಗೆ ಸೇರಿತು. ಆದರೆ ತಲೆಯ ಮೇಲೆ ಏನೋ ಎದ್ದು ನಿಂತಿತು, ದುಂಡಗೆ, ಮುಂದಕ್ಕೆ ಚಾಚಿ.

"ಟೋಪಿ," ಎಂದ ದರ್ಜಿ.

"ಟೋಪಿ!" ಎಂದು ಎಲ್ಲರೂ ಎದ್ದು ನಿಂತರು. ಅದುವರೆಗೆ ಒಬ್ಬರನ್ನೊಬ್ಬರು ಕೊಲ್ಲುವಂತೆ ನೋಡುತ್ತಿದ್ದವರ ಮುಖದಲ್ಲಿ ಎಂಥಾ ಪ್ರೀತಿ! ಕಟ್ಟಡದಲ್ಲಿ ಟೋಪಿ ಹಾಕುವವನು ಒಬ್ಬನೇ.

ಹೆಂಡತಿ ತಟ್ಟೆಯನ್ನು ಕೆಳಗಿಟ್ಟು ಮುಂದೆ ಬಂದರು. "ರೀ, ಸ್ವಲ್ಪ ಹಿಂದಕ್ಕೆ ಎಳೀರಿ," ಎಂದರು.

"ಬೇಡ!" ಅಧ್ಯಕ್ಷರು ಗುಮಾಸ್ತರ ಮಣಿಕಟ್ಟು ಹಿಡಿದರು. "ಸತ್ಯ ಸಿಕ್ಕ ಮೇಲೆ ಹಿಂದಕ್ಕೆ ಎಳೀಬಾರದು."

ಕಾವಲುಗಾರನನ್ನು ಕರೆಸಿದರು. ಅವನು ಹೊಸಿಲಲ್ಲಿ ನಿಂತು ಮರ್ಯಾದೆಗೆ ಟೋಪಿ ತೆಗೆದ.

"ನೋಡಿ, ಸಾಕ್ಷಿ ಮುಚ್ಚಿಡ್ತಿದ್ದಾನೆ!"

ಗಾಬರಿಯಿಂದ ಮತ್ತೆ ಹಾಕಿಕೊಂಡ.

"ನೋಡಿ, ಅದೇ ಟೋಪಿ!"

ಸಂಜೆಯೊಳಗೆ ಬೀಗದ ಕೈ ಕೊಟ್ಟು ಕೋಣೆ ಖಾಲಿ ಮಾಡಬೇಕೆಂದು ಹೇಳಿ ಎಲ್ಲರೂ ಹೊರಟು ಹೋದರು. ಹೋಗುವಾಗ ಅಧ್ಯಕ್ಷರು ಗುಮಾಸ್ತರ ಬೆನ್ನು ತಟ್ಟಿ, ಈ ಕಲೆ ನಿಮ್ಮಂಥವರ ಕೈಯಲ್ಲಿರೋದೇ ಕಟ್ಟಡದ ಪುಣ್ಯ ಎಂದರು. ಗುಮಾಸ್ತರು ಊಟಕ್ಕೆ ಕುಳಿತಾಗ ಎರಡು ಸಲ ತಮ್ಮ ಬೆನ್ನನ್ನು ತಾವೇ ಮುಟ್ಟಿ ನೋಡಿಕೊಂಡರು.

ಮಧ್ಯಾಹ್ನ ಬಾಗಿಲು ಬಡಿದದ್ದು ಕಾವಲುಗಾರ. ಕೈಯಲ್ಲಿ ಟೋಪಿ.

"ಸಾರ್, ಬೇಜಾರು ಮಾಡ್ಕೋಬೇಡಿ. ನನ್ನ ಟೋಪಿಗೆ ಮುಂದೆ ಹಿತ್ತಾಳೆ ಬಿಲ್ಲೆ ಇದೆ ನೋಡಿ. ನಾನು ದಿನಾ ಉಜ್ತೀನಿ. ಫೋಟೋದಲ್ಲಿ ಬಿಲ್ಲೆ ಕಾಣ್ಲಿಲ್ಲ. ಒಂಚೂರು ನೋಡ್ತೀರಾ?"

ಬಿಲ್ಲೆಯಂಥ ಸಣ್ಣ ವಸ್ತು ಕಾಣಬೇಕಾದರೆ ಸ್ಲೈಡರನ್ನು ಹಿಂದಕ್ಕೆ ತರಬೇಕು. ಗುಮಾಸ್ತರು ಒಲ್ಲದ ಮನಸ್ಸಿನಿಂದ ಹಿಂದಕ್ಕೆ ತಂದರು. ಎಂಬತ್ತಕ್ಕೆ ಟೋಪಿಯ ಅಂಚು ಸಡಿಲಾಯಿತು. ಐವತ್ತಕ್ಕೆ ನಡುವೆ ಬಿರುಕು ಬಿಟ್ಟಿತು. ಇಪ್ಪತ್ತಕ್ಕೆ ಟೋಪಿಯೆಂಬುದೇ ಇರಲಿಲ್ಲ. ತಲೆಗೂದಲು ಬೇರೆ, ಅದರ ಹಿಂದೆ ತೊಟ್ಟಿಯಿಂದ ಬಾಗಿ ಬಂದ ಕೊಳವೆಯ ತುಂಡು ಬೇರೆ. ನೂರಕ್ಕೆ ಎಳೆದಾಗ ಎರಡೂ ಒಂದಾಗಿ ಒಬ್ಬ ಬಡವನ ತಲೆಯ ಮೇಲೆ ಕುಳಿತಿದ್ದವು.

"ಬಿಲ್ಲೆ ಇದೆಯಾ ಸಾರ್?"

"ಬಿಲ್ಲೆ ಇಲ್ಲ. ಟೋಪೀನೂ ಇಲ್ಲ."

"ಅಯ್ಯೋ ದೇವ್ರೇ, ಬದುಕ್ದೆ!" ಕಾವಲುಗಾರ ಪರದೆಗೇ ಕೈ ಮುಗಿದ. "ಹಾಗಾದ್ರೆ ಯಾರು ಸಾರ್ ಅದು?"

ಗುಮಾಸ್ತರು ಸೊನ್ನೆಗೆ ತಂದರು. ಕಾಳುಗಳೆಲ್ಲ ವಾಪಸು ಬಂದವು. ಆ ಕಾಳುಗಳ ನಡುವೆ ಬಗ್ಗಿದ ದೇಹದ ಮೊಣಕೈ ಬಳಿ, ಉಳಿದ ಬಟ್ಟೆಗಿಂತ ಬೇರೆ ನೇಯ್ಗೆಯ ಒಂದು ಚೌಕ ಕಾಣಿಸಿತು. ತೇಪೆ. ಅವರು ಅದನ್ನು ನೋಡಿದರು. ಆಮೇಲೆ ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ನೇತುಬಿದ್ದಿದ್ದ ತಮ್ಮ ಹಳೆಯ ಸ್ವೆಟರನ್ನು ನೋಡಿದರು. ಚಳಿಯಲ್ಲಿ ಬಟ್ಟೆ ಎತ್ತಿಕೊಂಡು ಬರಲು ಹೆಂಡತಿ ಹಾಕಿಕೊಂಡು ಹೋಗುತ್ತಿದ್ದ ಸ್ವೆಟರು.

"ಯಾರು ಸಾರ್?"

"ಅದು... ಇನ್ನೂ ಹದ ಆಗ್ಬೇಕು. ನೀನು ಹೋಗಿರು. ಗಂಟು ಕಟ್ಬೇಡ."

ಕಾವಲುಗಾರ ಹೋದ ಮೇಲೆ ಅಡುಗೆಮನೆಯಿಂದ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಪರದೆಯ ಮುಂದೆ ನಿಂತರು.

"ನೀನಾ?" ಎಂದರು ಗುಮಾಸ್ತರು.

"ಹಿಂಭಾಗದ ನಮ್ಮ ಮನೆಗಳಿಗೆ ನೀರು ದಾರದ ಹಾಗೆ ಬರುತ್ತೆ. ಮುಂದಿನ ವಾಲ್ವ್ ಅರ್ಧ ಗಂಟೆ ಮುಚ್ಚಿದ್ರೆ ಹಗ್ಗದ ಹಾಗೆ ಬರುತ್ತೆ. ದಿನಾ ಎರಡು ಬಕೆಟ್ ಸ್ನಾನ ಮಾಡ್ತೀರಲ್ಲ, ಅದು ಎಲ್ಲಿಂದ ಬರುತ್ತೆ ಅಂದ್ಕೊಂಡಿದ್ರಿ?"

"ನಲ್ಲಿಯಿಂದ."

ಹೆಂಡತಿ ಹಣೆ ಚಚ್ಚಿಕೊಂಡರು.

"ನಂಗೆ ಒಂದು ಮಾತು ಹೇಳ್ಬಾರದಿತ್ತಾ?"

"ಹೇಳಿದ್ರೆ ನೀವು ಫೋಟೋ ಹಿಡೀತಿದ್ರಿ." ಪರದೆಯತ್ತ ಬೆರಳು ತೋರಿಸಿ, "ಹೇಳ್ದಿದ್ರೂ ಹಿಡಿದ್ರಿ," ಎಂದರು. "ಮದುವೆಯಾದಾಗಿನಿಂದ ನನ್ನದೊಂದು ಫೋಟೋ ತೆಗೆದೋರಲ್ಲ. ಕಾಗೆ ಆಯ್ತು, ಕಂಬ ಆಯ್ತು. ಕೊನೆಗೆ ತೆಗೆದದ್ದು ಒಂದು, ಅದೂ ಬೆನ್ನಿಂದು. ಇರಲಿ. ಆ ಪಾಪದವನ ಹೊಟ್ಟೆ ಮೇಲೆ ಹೊಡೆಯೋಕೆ ನನ್ನಿಂದಾಗಲ್ಲ. ಸಂಜೆ ನಾನೇ ಹೇಳ್ತೀನಿ."

"ನೀನು ಸುಮ್ನಿರು. ಟೋಪಿ ಸುಳ್ಳು ಅಂತ ನಾನು ಶಾಸ್ತ್ರೋಕ್ತವಾಗಿ ತೋರಿಸ್ತೀನಿ. ಅಷ್ಟೇ ಸಾಕು."

ಗುಮಾಸ್ತರು ಸಂಜೆಯವರೆಗೂ ಒಬ್ಬರೇ ಕುಳಿತು ಸ್ಲೈಡರು ಎಳೆದರು. ಟೋಪಿ ಮಾಯವಾಗಬೇಕು, ತೇಪೆ ಕಾಣಬಾರದು. ಅಂಥ ಒಂದು ಜಾಗ ಸೊನ್ನೆಗೂ ನೂರಕ್ಕೂ ನಡುವೆ ಎಲ್ಲಾದರೂ ಇರಬೇಕಲ್ಲ? ಅಂಥ ಜಾಗವನ್ನು ಆ ಸಾಫ್ಟ್‌ವೇರು ಮಾಡಿದವರು ಇಟ್ಟಿರಲಿಲ್ಲ. ಟೋಪಿ ಕಳಚಿದಲ್ಲಿ ತೇಪೆ ಕಣ್ಣು ಬಿಡುತ್ತಿತ್ತು. ತೇಪೆ ಕಣ್ಣು ಮುಚ್ಚಿದಲ್ಲಿ ಟೋಪಿ ಕೂರುತ್ತಿತ್ತು.

ಕರೆಂಟು ಹೋಗುವ ಮೊದಲೇ ಮೆಟ್ಟಿಲ ಬುಡದಲ್ಲಿ ಎಲ್ಲರೂ ಸೇರಿದಾಗ ಕಾವಲುಗಾರನ ಮಂಚ ಆಗಲೇ ಹೊರಗೆ ಬಂದಿತ್ತು. ಅವನ ಹೆಂಡತಿ ಒಲೆಯನ್ನು ಮಡಿಲಲ್ಲಿಟ್ಟುಕೊಂಡು ಮಂಚದ ಮೇಲೆ ಕುಳಿತಿದ್ದರು. ಗುಮಾಸ್ತರು ಕಂಪ್ಯೂಟರನ್ನೇ ಹೊತ್ತು ತಂದು ಮಂಚದ ಇನ್ನೊಂದು ತುದಿಗೆ ಇಟ್ಟು ಕಾವಲುಗಾರನ ಕೋಣೆಯಿಂದ ವೈರು ಎಳೆದರು, ಬೆಳಗಿನ ಬೆಣ್ಣೆಯ ಚಿತ್ರವನ್ನೇ ತೆರೆದರು, ಗಂಟಲು ಸರಿಮಾಡಿಕೊಂಡರು.

"ಮಹನೀಯರೇ, ಇದು ಟೋಪಿ ಅಲ್ಲ. ಕೊಳವೆ. ಅತಿಯಾಗಿ ನುಣುಪು ಮಾಡಿದ್ರೆ ಎರಡು ವಸ್ತು ಒಂದಾಗಿ ಕಾಣ್ತವೆ."

"ಬೆಳಿಗ್ಗೆ ಟೋಪಿ, ಸಂಜೆ ಕೊಳವೆ," ಎಂದರು ಅಧ್ಯಕ್ಷರು. "ಮಧ್ಯಾಹ್ನ ಇವನು ನಿಮ್ಮ ಮನೆಗೆ ಬಂದಿದ್ದನ್ನ ನಾನು ನೋಡ್ದೆ ಸ್ವಾಮಿ. ಏನು ಕೊಟ್ಟ?"

"ಕತ್ತಲಲ್ಲೂ ಕಾಣುತ್ತೆ ಅಂದೋರು ನೀವೇ ತಾನೇ?" ಎಂದರು ಡಾಕ್ಟರಮ್ಮ.

"ಕಾಣುತ್ತೆ. ಆದ್ರೆ ಕಂಡಿದ್ದೆಲ್ಲ ಇರಲ್ಲ."

"ಏನಪ್ಪಾ, ಕಾಣುತ್ತಂತೆ, ಇರಲ್ವಂತೆ," ಎಂದು ಅಜ್ಜಿ ಗಲ್ಲದ ಮೇಲೆ ಕೈಯಿಟ್ಟರು. ಆಡಿದ್ದು ಅಪ್ಪಟ ನಿಜ, ಒಬ್ಬರೂ ನಂಬಲಿಲ್ಲ. ಅಧ್ಯಕ್ಷರು ಬೀಗದ ಕೈಗೆ ಕೈ ಚಾಚಿದರು. ಕಾವಲುಗಾರ ಗುಮಾಸ್ತರ ಮುಖ ನೋಡಿದ. ಬೇರೆ ದಾರಿಯಿರಲಿಲ್ಲ. ಗುಮಾಸ್ತರು ಸ್ಲೈಡರನ್ನು ಎಡಕ್ಕೆ, ಎಡಕ್ಕೆ, ಸೊನ್ನೆಗೆ ತಂದರು. ಎಲ್ಲರ ಕಣ್ಣೆದುರೇ ಟೋಪಿ ಕಳಚಿ ಕೊಳವೆಯಾಯಿತು.

"ಅರೆ, ಹೌದಲ್ಲ," ಎಂದರು ಡಾಕ್ಟರಮ್ಮ.

"ತಡೀರಿ ತಡೀರಿ." ದರ್ಜಿ ಮೂಗನ್ನು ಪರದೆಗೆ ತಾಗಿಸಿದ್ದ. "ಮೊಣಕೈ ಹತ್ರ ಏನದು? ತೇಪೆ! ಸಾರ್, ಇದು ನಾನೇ ಹಾಕಿದ ತೇಪೆ! ಇದು ಗುಮಾಸ್ತರ ಮನೆ ಸ್ವೆಟರು!"

ಎಲ್ಲರೂ ತಿರುಗಿದರು. ಗುಮಾಸ್ತರ ಹೆಂಡತಿ ಒಂದು ಮೆಟ್ಟಿಲು ಇಳಿದು ಬಾಯಿ ತೆರೆದರು.

"ಅದು ನಾನೇ," ಎಂದರು ಗುಮಾಸ್ತರು.

ಅಧ್ಯಕ್ಷರೇ ಮೊದಲು ಎಚ್ಚೆತ್ತರು. "ಕಳ್ಳ ನೀವಾದ್ರೆ ಫೋಟೋ ತೆಗೆದೋರು ಯಾರು?"

"ಅದೂ ನಾನೇ. ಟೈಮರ್ ಇಟ್ಟಿದ್ದೆ."

"ಆ ಕಟ್ಟಡದಲ್ಲಿ ಗುಂಡಿ ಒತ್ತಿ ಈ ಕಟ್ಟಡದ ತಾರಸಿಗೆ ಅಷ್ಟರಲ್ಲಿ ಹೇಗೆ ಬಂದ್ರಿ?" ಡಾಕ್ಟರಮ್ಮ ಕೇಳಿದರು.

ಗುಮಾಸ್ತರು ಉತ್ತರ ಹುಡುಕತೊಡಗಿದರು. ಅದರ ಅಗತ್ಯ ಬೀಳಲಿಲ್ಲ.

"ಕ್ಯಾಮೆರಾ ಹುಚ್ಚು ಹಿಡಿದೋನು ಹಾರ್ಕೊಂಡಾದ್ರೂ ಬರ್ತಾನೆ ಬಿಡಮ್ಮ," ಎಂದರು ಅಜ್ಜಿ.

"ಅದೇ ಮತ್ತೆ! ಇವರಿಗೆ ನೀರು ಬೇಕಿರ್ಲಿಲ್ಲ ಮೇಡಂ, ಫೋಟೋ ಬೇಕಿತ್ತು," ಎಂದ ದರ್ಜಿ.

"ನಂಗೆ ಮೊದಲಿನಿಂದ್ಲೂ ಇವರ ಮೇಲೇ ಅನುಮಾನ," ಎಂದರು ಅಧ್ಯಕ್ಷರು. ಅಷ್ಟು ದಿನಗಳಲ್ಲಿ ಆ ಕಟ್ಟಡದಲ್ಲಿ ಯಾರೂ ಯಾರ ಮಾತನ್ನೂ ಇಷ್ಟು ಸುಲಭವಾಗಿ ನಂಬಿರಲಿಲ್ಲ. ಅಲ್ಲೇ ತೀರ್ಪಾಯಿತು. ಬೀಗದ ಕೈ ಕಾವಲುಗಾರನ ಬಳಿಯೇ ಇರತಕ್ಕದ್ದು. ವಾಲ್ವ್‌ಗಳಿಗೆ ಸರಪಳಿ ಹಾಕತಕ್ಕದ್ದು. ಕ್ಯಾಮೆರಾ ಅಧ್ಯಕ್ಷರ ಬೀರುವಿನಲ್ಲಿ ಇರತಕ್ಕದ್ದು, ಎಷ್ಟು ಕಾಲ ಎಂಬುದನ್ನು ಅಧ್ಯಕ್ಷರು ಅನುಮಾನ ತೀರಿದ ಮೇಲೆ ತಿಳಿಸುವರು. ಕಾವಲುಗಾರ ಮತ್ತು ಅವನ ಹೆಂಡತಿ ಮಂಚವನ್ನು ಎತ್ತಿ ಒಳಗೆ ಒಯ್ಯಲು ಹೋದರು. ಮೇಲಿದ್ದ ಕಂಪ್ಯೂಟರಿನಿಂದಾಗಿ ಸ್ವಲ್ಪ ತಡೆಯಬೇಕಾಯಿತು. ಏಕೆಂದರೆ ಅಷ್ಟರಲ್ಲಿ ಎಲ್ಲರೂ ಪರದೆಯ ಸುತ್ತ ಮುತ್ತಿದ್ದರು.

"ಮೂಗು ನೋಡಿ, ಅದೇ."

"ದವಡೆ ಈಗ ಸರಿಯಾಗಿ ಗೊತ್ತಾಗ್ತಿದೆ. ಇವರದ್ದೇ. ಬಲಗಡೆ ಹಿಂದಿನ ಹಲ್ಲು ನಾನೇ ಕಿತ್ತಿದ್ದು."

"ನಿಂತಿರೋ ಠೀವಿ ನೋಡ್ರೀ, ಕಳ್ಳತನಕ್ಕೆ ಹೋದಾಗಲೂ!"

"ನೀವು ನೋಡಿ ಹೇಳಮ್ಮ," ಎಂದು ಅಜ್ಜಿ ಗುಮಾಸ್ತರ ಹೆಂಡತಿಗೆ ಜಾಗ ಬಿಟ್ಟರು. "ಕಟ್ಕೊಂಡೋರಿಗಿಂತ ಹೆಚ್ಚು ಯಾರಿಗೆ ಗೊತ್ತಿರುತ್ತೆ?"

ಹೆಂಡತಿ ಸೆರಗಿನಲ್ಲಿ ಕೈ ಒರೆಸಿಕೊಂಡು ಬಗ್ಗಿದರು. ಬಹಳ ಹೊತ್ತು ನೋಡಿದರು.

"ಇವರೇ," ಎಂದರು. "ಬೆನ್ನು ನೋಡಿದ್ರೆ ಗೊತ್ತಾಗಲ್ವಾ?"

ಅವರು ಅದನ್ನು ಎಷ್ಟು ಖಚಿತವಾಗಿ ಹೇಳಿದರೆಂದರೆ, ಗುಮಾಸ್ತರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಜನರ ನಡುವೆ ತಲೆ ತೂರಿಸಿ ಆ ಕಾಳು ಕಾಳು ಚಿತ್ರವನ್ನು ಇನ್ನೊಮ್ಮೆ ನೋಡಿದರು. ಬಗ್ಗಿದ ಬೆನ್ನು, ಬಾಗಿದ ಕುತ್ತಿಗೆ, ವಾಲ್ವಿನ ಮೇಲಿಟ್ಟ ಕೈ. ಶನಿವಾರ ಸಂಜೆ ತಾವು ನಿಜವಾಗಿ ಎಲ್ಲಿದ್ದೆವು ಎಂದು ನೆನಪಿಸಿಕೊಳ್ಳಲು ಅವರಿಗೆ ಸ್ವಲ್ಪ ಹೊತ್ತೇ ಹಿಡಿಯಿತು.